ಮೆಲ್ಬರ್ನಿಗೆ ಹೊರಟ ತಂಗಿಗೆ: ಮೊದಲು ಅರ್ಹತೆಯ ಸಾಲು ಓದು

ನೀನು ಕೇಳಿದ್ದಿಷ್ಟು: 'ಮೆಲ್ಬರ್ನಿನ ಒಂದು ಯೂನಿವರ್ಸಿಟಿಯ ಸೋಶಿಯಲ್ ವರ್ಕ್ ವಿಭಾಗದಲ್ಲಿ, ಅಂಗವಿಕಲರಿಗೆ ಸಿಗೋ ಸೇವೆಗಳ ಬಗ್ಗೆ ನಡೆಯೋ ಸಂಶೋಧನೆಗೆ ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಿ ಹೋಗ್ತಿದ್ದೀನಿ. ಮನೆ ಹೇಗೆ ಹುಡುಕೋದು, ಏನೇನು ತಗೊಂಡು ಹೋಗ್ಲಿ, ಸಂಬಳ ಸಾಲುತ್ತಾ, ಮಾಗಡಿ ಕಡೆ ಹಳ್ಳಿಗಳಲ್ಲಿ ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಅಲ್ಲಿ ಬೆಲೆ ಇದೆಯಾ?' ಅಕ್ಕ ಅಂತ ಕರೆದಿದ್ದೀಯ, ಅದಕ್ಕೆ ಏಕವಚನದಲ್ಲೇ ಬರೀತೀನಿ. ಈಗ ಮಲ್ಲೇಶ್ವರದಲ್ಲಿ ಅಮ್ಮನ ಮನೇಲಿದ್ದೀನಿ, ಸಾವಕಾಶವಾಗಿ ಬರೆಯೋಕೆ ಸಮಯ ಇದೆ.

ಸಣ್ಣಪುಟ್ಟದ್ದು ಮೊದಲು ಮುಗಿಸ್ತೀನಿ. ಅಲ್ಲಿ ಬಾಡಿಗೆಯನ್ನ ವಾರದ ಲೆಕ್ಕದಲ್ಲಿ ಹೇಳ್ತಾರೆ, ತಿಂಗಳದ್ದು ಅಂದ್ಕೋಬೇಡ. ನಮ್ಮ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿಲ್ಲ. ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು ಬಾಂಡ್, ಅಂದರೆ ಠೇವಣಿ, ಕಟ್ಟಬೇಕು, ಆ ದುಡ್ಡು ಮಾಲೀಕರ ಹತ್ತಿರ ಇರಲ್ಲ, ಸರ್ಕಾರಿ ಪ್ರಾಧಿಕಾರದಲ್ಲಿ ಇರುತ್ತೆ. ಸಾರಿನಪುಡಿ, ಹುಳಿಪುಡಿ ತಗೊಂಡು ಹೋಗು, ಆದರೆ ಇಳಿಯೋ ಮುಂಚೆ ತುಂಬೋ ಫಾರಂನಲ್ಲಿ ಆಹಾರ ಪದಾರ್ಥ ಇದೆ ಅಂತ ಬರಿ. ಹಸಿ ಕರಿಬೇವು ಬೇಡವೇ ಬೇಡ. ಸ್ವೆಟರ್ ಹೊತ್ಕೊಂಡು ಹೋಗಬೇಡ, ಅಲ್ಲಿಯ ಚಳಿಗೆ ಅಲ್ಲಿಯದೇ ಸರಿ. ಸಂಬಳ ಒಬ್ಬಳಿಗೆ ಸಾಲುತ್ತೆ. ಒಂಟಿತನದ ಬಗ್ಗೆ ನೀನು ಕೇಳಿಲ್ಲ. ಮನೆಗೆ ಫೋನ್ ಮಾಡೋ ಹೊತ್ತೊಂದನ್ನ ಗೊತ್ತು ಮಾಡ್ಕೋ, ತಪ್ಪಿಸಬೇಡ, ಅಷ್ಟು ಹೇಳ್ತೀನಿ.

ನಾನು ಹೋಗಿ ಇಳಿದದ್ದು 2013ರ ಜುಲೈನಲ್ಲಿ. ಅದೇ ತಿಂಗಳು ಎನ್‌ಡಿಐಎಸ್, ಅಂದರೆ ಅಲ್ಲಿಯ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ, ಪ್ರಾಯೋಗಿಕವಾಗಿ ಶುರುವಾಗಿತ್ತು. ಮೆಲ್ಬರ್ನಿಗೆ ಹತ್ತಿರದ ಜೀಲಾಂಗ್ ಅದರ ಮೊದಲ ಜಾಗಗಳಲ್ಲೊಂದು. ಅಲ್ಲಿ ಒಬ್ಬೊಬ್ಬರ ಹೆಸರಲ್ಲೂ ಅವರವರ ಅಗತ್ಯ ನೋಡಿ ಒಂದು ಪ್ಲಾನ್ ಬರೀತಾರೆ, ಅದಕ್ಕೆ ಹಣ ಇಡ್ತಾರೆ, ಸೇವೆ ಯಾರಿಂದ ಪಡೀಬೇಕು ಅನ್ನೋದನ್ನ ಅವರೇ ಆರಿಸ್ಕೋತಾರೆ. ಮಾಸಾಶನದ ಅರ್ಜಿ ಹಿಡ್ಕೊಂಡು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿ ಇಳಿದಿದ್ದ ನನಗೆ ಅದನ್ನ ಕೇಳಿ ಕಣ್ಣು ತುಂಬಿತ್ತು. ಆ ಯೋಜನೆ ಮೇಲಿನ ಗೌರವ ಈಗಲೂ ಹಾಗೇ ಇದೆ.

ಇನ್ನು ಕೆಲಸ. ವರದಿ ಮೇಲೆ ಪ್ರೊಫೆಸರ್ ಹೆಸರಿರುತ್ತೆ, ಆದರೆ ಜನ ನೋಡೋದು ನಿನ್ನ ಮುಖ. ಸಂದರ್ಶನದ ಕೋಣೆಯ ಬಾಗಿಲಲ್ಲಿ ವೀಲ್‌ಚೇರ್ ಹೋಗುತ್ತಾ, ಶೌಚಾಲಯದಲ್ಲಿ ತಿರುಗುತ್ತಾ ಅಂತ ನೀನೇ ಹೋಗಿ ನೋಡಬೇಕು. ಕಿವುಡರು ಬರೋದಿದ್ದರೆ ಅಲ್ಲಿಯ ಸಂಜ್ಞಾಭಾಷೆ ಆಸ್ಲಾನ್ ಬಲ್ಲ ದುಭಾಷಿಯನ್ನ ಬಹಳ ಮುಂಚೆ ಗೊತ್ತುಮಾಡಬೇಕು. ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎರಡೂ ಚಿತ್ರಗಳ ಜೊತೆ ಸರಳ ಭಾಷೆಯಲ್ಲಿ ಇರಬೇಕು. ಬೌದ್ಧಿಕ ಅಂಗವೈಕಲ್ಯ ಇರೋರೂ, ಬೇಕಾದ ಸಹಾಯ ಪಡೆದು, ಸೇರೋದೋ ಬಿಡೋದೋ ತಾವೇ ತೀರ್ಮಾನಿಸಬೇಕು. ಇಲ್ಲಿ ಅಪ್ಪ ಸಹಿ ಹಾಕಿಬಿಟ್ಟರೆ ಮುಗೀತು ಅನ್ನೋ ಅಭ್ಯಾಸ ನಮಗಿದೆ, ಅದನ್ನ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗು. ವಯಸ್ಸಾದ ತಾಯಂದಿರ ಮಾತಲ್ಲಿ ಕ್ಯೂ ಕಾಟೇಜಸ್ ಹೆಸರು ಬಂದರೆ ಪ್ರಶ್ನೆಪಟ್ಟಿ ಬದಿಗಿಟ್ಟು ಕೇಳಿಸ್ಕೋ. ಬೌದ್ಧಿಕ ಅಂಗವೈಕಲ್ಯ ಇರೋರಿಗೆ ಅಂತ 1887ರಲ್ಲಿ ಮೆಲ್ಬರ್ನಿನಲ್ಲಿ ತೆರೆದ ದೊಡ್ಡ ವಸತಿ ಸಂಸ್ಥೆ ಅದು. 1996ರಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ತೀರಿಹೋದರು, 2008ರಲ್ಲಿ ಮುಚ್ಚಿದರು. ಮಕ್ಕಳನ್ನ ಅಂಥ ಕಡೆ ಬಿಡಬೇಕಾಗಿ ಬಂದವರ ನೋವು ನಿನ್ನ ಪಟ್ಟಿಯ ಯಾವ ಪ್ರಶ್ನೆಯೊಳಗೂ ಹಿಡಿಸಲ್ಲ.

ಮಾಗಡಿ ಅನುಭವಕ್ಕೆ ಬೆಲೆ ಇದೆಯಾ ಅಂತ ಸಂಕೋಚದಿಂದ ಕೇಳಿದ್ದೀಯ. ಸಂಕೋಚ ಬೇಡ. ಸಲಹಾ ಸಮಿತಿಯಲ್ಲಿ ಅಂಗವಿಕಲರೇ ಕೂರಬೇಕು ಅಂತ ಅಲ್ಲಿ ಈಗ ಒತ್ತಿ ಹೇಳ್ತಾರೆ, ಬಹಳ ಸರಿಯಾದ ಮಾತು. ಆದರೆ ಸ್ವತಃ ಅಂಗವೈಕಲ್ಯ ಇದ್ದ ಎನ್. ಎಸ್. ಹೇಮಾ ಅವರು ನಮ್ಮ ಬೆಂಗಳೂರಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದ್ದು 1959ರಲ್ಲಿ. ನಮ್ಮ ಪಂಚಾಯಿತಿಗಳಲ್ಲಿ ಮನೆಮನೆಗೆ ಹೋಗೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂಗಳೂ ಅಂಗವಿಕಲರೇ. ಇದನ್ನ ಮೊದಲ ಮೀಟಿಂಗಿನಲ್ಲೇ ಹೇಳು. ಎಲ್ಲಕ್ಕಿಂತ ಮುಖ್ಯ, ಆ ವಿಆರ್‌ಡಬ್ಲ್ಯೂಗಳ ಜೊತೆ ಓಡಾಡಿ ಬಂದ ಕಣ್ಣು ನಿನಗಿದೆ. 'ನಮ್ಮನೇಲಿ ಅಂಥೋರು ಯಾರೂ ಇಲ್ಲ' ಅಂದ ಮನೆಯ ಹಿತ್ತಲಲ್ಲೇ ಮಗು ಕೂತಿರೋದನ್ನ ನೋಡಿರ್ತೀಯ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪಟ್ಟಿ ಬೇರೆ, ಊರು ಬೇರೆ ಅಂತ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿ ಪಟ್ಟಿ ಎಷ್ಟು ಅಚ್ಚುಕಟ್ಟಾಗಿರುತ್ತೆ ಅಂದ್ರೆ, ಎಲ್ಲರೂ ಅದರೊಳಗಿದ್ದಾರೆ ಅಂತ ನಂಬಿಬಿಡ್ತೀವಿ. ಅಲ್ಲಿಯ ಸರ್ಕಾರದ 2022ರ ಸಮೀಕ್ಷೆ ಪ್ರಕಾರ ಅಂಗವೈಕಲ್ಯ ಇರೋರು ಸುಮಾರು 55 ಲಕ್ಷ. ಎನ್‌ಡಿಐಎಸ್ ಒಳಗಿರೋರು 7 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. 65 ದಾಟಿದ ಮೇಲೆ ಹೊಸದಾಗಿ ಅದಕ್ಕೆ ಸೇರೋ ಹಾಗಿಲ್ಲ. ಪೌರರು, ಕಾಯಂ ವಾಸಿಗಳು, ಒಂದು ವಿಶೇಷ ವೀಸಾದವರು ಬಿಟ್ಟರೆ ಉಳಿದವರಿಗೂ ಇಲ್ಲ. ಅಂದರೆ ಕೆಲಸದ ವೀಸಾದಲ್ಲಿ ಹೋದ ನಮ್ಮವರ ಮನೆಯ ಮಗು ಆ ಯೋಜನೆಯ ಲೆಕ್ಕದಲ್ಲಿ ಎಲ್ಲೂ ಇರೋದಿಲ್ಲ.

ಇದನ್ನ ನಾನು ಕಲಿತದ್ದು ಒಬ್ಬ ತಾಯಿಯಿಂದ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಊಟ ಆದ ಮೇಲೆ ಪಕ್ಕಕ್ಕೆ ಕರೆದು, 'ಮೇಡಂ, ನೀವು ಆ ಥರ ಮಕ್ಕಳ ಬಗ್ಗೆ ಏನೋ ಮಾಡ್ತೀರಂತಲ್ಲ, ನಾನೂ ಮಾತಾಡಬಹುದಾ' ಅಂದ್ರು. ಮಗನಿಗೆ ಮಾತು ಬಂದಿರಲಿಲ್ಲ. ಅಜ್ಜಿ ಇಲ್ಲಿಂದ ಫೋನಲ್ಲಿ 'ಅವರಪ್ಪನೂ ತಡವಾಗಿ ಮಾತಾಡಿದ್ದು' ಅಂತ ಸಮಾಧಾನ ಹೇಳ್ತಿದ್ದರಂತೆ. ಕೈಯಿಂದ ದುಡ್ಡು ಹಾಕಿ ಸ್ಪೀಚ್ ಥೆರಪಿ ಕೊಡಿಸ್ತಿದ್ದರು, ಆದರೆ ಆಟಿಸಂ ಅಂತ ಕಾಗದದ ಮೇಲೆ ಬರೆಸೋಕೆ ಹೆದರಿಕೆ. ಪಿಆರ್, ಅಂದರೆ ಕಾಯಂ ವಾಸದ ಅರ್ಜಿಗೆ ಆರೋಗ್ಯ ತಪಾಸಣೆ ಇದೆ. ಮನೆಯಲ್ಲಿ ಒಬ್ಬರು ಅದರಲ್ಲಿ ಪಾಸಾಗದಿದ್ದರೆ ಇಡೀ ಸಂಸಾರದ ಅರ್ಜಿಯೇ ಬಿದ್ದುಹೋಗಬಹುದು. ಅಂಗವಿಕಲರ ವಿರುದ್ಧ ತಾರತಮ್ಯ ಮಾಡಬಾರದು ಅಂತ 1992ರಲ್ಲೇ ಕಾನೂನು ಮಾಡಿದ ದೇಶ ಅದು, ಆದರೆ ವಲಸೆ ಕಾನೂನನ್ನ ಅದರಿಂದ ಹೊರಗಿಟ್ಟಿದೆ.

ನಮ್ಮ ಅಧ್ಯಯನಕ್ಕೆ ಎನ್‌ಡಿಐಎಸ್ ಪ್ಲಾನ್ ಇರೋ ಕುಟುಂಬಗಳು ಮಾತ್ರ ಅಂತ ಅರ್ಹತೆಯಲ್ಲಿ ಬರೆದಿತ್ತು. ಸಂಶೋಧನೆಯಲ್ಲಿ ಭಾಗವಹಿಸೋರಿಗೆ ಅನ್ಯಾಯ ಆಗದ ಹಾಗೆ ನೋಡೋ ಎಥಿಕ್ಸ್ ಸಮಿತಿ ಒಪ್ಪಿದ ಮೇಲೆ ಅದನ್ನ ಬದಲಿಸಬೇಕಾದರೆ ತಿದ್ದುಪಡಿ ಅರ್ಜಿ ಹಾಕಬೇಕು, ಮತ್ತೆ ಕಾಯಬೇಕು. ಅಷ್ಟರಲ್ಲಿ ಹಣದ ಅವಧಿ ಮುಗೀತಾ ಬಂದಿತ್ತು. ಮುಂದಿನ ಪ್ರಾಜೆಕ್ಟಿನಲ್ಲಿ ಸೇರಿಸೋಣ ಅಂದರು. ಆ ಪ್ರಾಜೆಕ್ಟ್ ಬರಲೇ ಇಲ್ಲ. ವಲಸೆ ಕುಟುಂಬಗಳ ಬಗ್ಗೆ ಒಂದು ಅಧ್ಯಾಯವೇ ಇರೋ ವರದಿ ಅಚ್ಚಾಯ್ತು, ಅದರಲ್ಲಿ ಆ ತಾಯಿಯಂಥವರ ಒಂದು ಮಾತೂ ಇಲ್ಲ. ಅವರು ಊರಿಗೆ ವಾಪಸ್ ಬಂದರು ಅಂತ ಆಮೇಲೆ ಗೊತ್ತಾಯ್ತು. ಆ ಹುಡುಗ ಈಗ ಎಲ್ಲಿ ಓದ್ತಿದ್ದಾನೋ ಅನ್ನೋ ಯೋಚನೆ ಬೆಂಗಳೂರಿಗೆ ಬಂದಾಗೆಲ್ಲ ಬರುತ್ತೆ.

ಅದಕ್ಕೇ ಹೇಳ್ತೀನಿ, ಸೇರಿದ ವಾರವೇ ಎಥಿಕ್ಸ್ ಅರ್ಜಿಯ ಕರಡು ಕೇಳು. ಯಾರನ್ನ ಸೇರಿಸ್ತೀವಿ, ಯಾರನ್ನ ಬಿಡ್ತೀವಿ ಅನ್ನೋ ಸಾಲಿನ ಹತ್ತಿರ ನಿಂತು ಮಾತಾಡು. ಪ್ಲಾನ್ ಇಲ್ಲದವರು, ತಾತ್ಕಾಲಿಕ ವೀಸಾದವರು, ಇಲ್ಲಿಂದ ಕರೆಸ್ಕೊಂಡ ವಯಸ್ಸಾದ ಅಪ್ಪ ಅಮ್ಮ, ಇವರಿಗೆ ಆ ಸಾಲಿನಲ್ಲಿ ಜಾಗ ಇದೆಯಾ ನೋಡು. ದುಭಾಷಿಗೆ ಹಣ ಬಜೆಟ್ಟಿನಲ್ಲಿ ಮೊದಲೇ ಇರಬೇಕು, ಆಮೇಲೆ ಹುಟ್ಟೋದಿಲ್ಲ. ವೀಸಾ ಹೆದರಿಕೆ ಇರೋರ ಹೆಸರು, ದನಿ, ಮಗುವಿನ ಶಾಲೆ ಯಾವುದೂ ಹೊರಗೆ ಹೋಗದ ಹಾಗೆ ಏನು ಏರ್ಪಾಡು ಅಂತ ಬರವಣಿಗೆಯಲ್ಲಿ ಕೇಳು. ಹೊಸಬಳು ಅಂತ ಸುಮ್ಮನಿರಬೇಡ. ಅಲ್ಲಿ ಮೀಟಿಂಗಿನಲ್ಲಿ ಮೌನವಾಗಿ ಕೂತರೆ ಅದನ್ನ ವಿನಯ ಅಂತ ಯಾರೂ ತಿಳ್ಕೊಳ್ಳಲ್ಲ, ಒಪ್ಪಿಗೆ ಅಂತ ತಿಳ್ಕೋತಾರೆ.

ಈ ಭಾನುವಾರದವರೆಗೂ ಮಲ್ಲೇಶ್ವರದಲ್ಲೇ ಇರ್ತೀನಿ. ಬೆಳಿಗ್ಗೆ ತಿಂಡಿಗೇ ಬಾ. ಅವರು ಕಳಿಸಿರೋ ಪ್ರಾಜೆಕ್ಟ್ ವಿವರದ ಪ್ರಿಂಟ್ ತಗೊಂಡು ಬಾ, ಅರ್ಹತೆಯ ಭಾಗ ಇಬ್ಬರೂ ಕೂತು ಓದೋಣ.