ತೀರ್ಥಹಳ್ಳಿಯಂಥ ಊರಲ್ಲಿ ಯಾವ ಕೆಲಸಕ್ಕೆ ಯಾವ ಆಫೀಸು?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರು ಬಿಟ್ಟು ತೀರ್ಥಹಳ್ಳಿಯಲ್ಲಿ ಹಳೇ ಮನೆ ಕೊಂಡಿದ್ದೀರಿ. ಮನೆ ಮುಂದಿನ ಬೀದಿದೀಪ ಉರಿಯುತ್ತಿಲ್ಲ, ನಲ್ಲಿ ನೀರು ಯಾವಾಗ ಬರುತ್ತೋ ಗೊತ್ತಿಲ್ಲ, ಖಾತೆ ಇನ್ನೂ ಹಿಂದಿನವರ ಹೆಸರಲ್ಲೇ ಇದೆ. ಪಟ್ಟಣ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ತಾಲ್ಲೂಕು ಆಫೀಸು ಎಲ್ಲ ಒಂದೇನಾ, ಯಾರನ್ನು ಹಿಡಿಯಬೇಕು ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿಯವನಲ್ಲ, ಇದೇ ಶಿವಮೊಗ್ಗ ಜಿಲ್ಲೆಯ ಇನ್ನೊಂದು ಸಣ್ಣ ಊರಿನವನು. ಸರ್ಕಾರಿ ಆಫೀಸುಗಳ ಬೀದಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ, ಜನರ ಅರ್ಜಿ ತುಂಬಿಸಿಕೊಡೋದೇ ನನ್ನ ಅರ್ಧ ವ್ಯಾಪಾರ. ಹಾಗಾಗಿ ಯಾರು ಯಾವ ಬಾಗಿಲಿಂದ ವಾಪಸ್ ಬರ್ತಾರೆ ಅನ್ನೋದು ದಿನಾ ನೋಡ್ತೀನಿ.

ಅವು ಮೂರೂ ಬೇರೆ ಬೇರೆ. ತಾಲ್ಲೂಕು ಪಂಚಾಯಿತಿ ಹಳ್ಳಿಗಳಿಗೆ ಸಂಬಂಧಪಟ್ಟದ್ದು, ಪಟ್ಟಣದೊಳಗಿನ ನಿಮ್ಮ ಬೀದಿಗೂ ಅದಕ್ಕೂ ಸಂಬಂಧ ಇಲ್ಲ. ತಾಲ್ಲೂಕು ಆಫೀಸು ಅಂದರೆ ತಹಶೀಲ್ದಾರರ ಕಚೇರಿ, ಕಂದಾಯ ಇಲಾಖೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ, ಮಳೆಗೆ ಗೋಡೆ ಬಿದ್ದರೆ ಪರಿಹಾರ, ಇವೆಲ್ಲ ಆ ಕಡೆ. ನೀವು ಪಟ್ಟಣದೊಳಗೇ ಇದ್ದರೂ ಜಾತಿ-ಆದಾಯ ಪತ್ರಕ್ಕೆ ಹೋಗಬೇಕಾದದ್ದು ಕಂದಾಯ ಇಲಾಖೆಯದ್ದೇ ಆದ ನಾಡಕಚೇರಿಗೆ. ಇನ್ನು ನೀರು, ಚರಂಡಿ, ಕಸ, ಬೀದಿದೀಪ, ಖಾತೆ, ಮನೆ ಕಟ್ಟುವ ಪರವಾನಗಿ, ಅಂಗಡಿ ಲೈಸೆನ್ಸ್ ಇವು ಪಟ್ಟಣ ಪಂಚಾಯಿತಿಯವು.

ಆದರೆ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಮನೆ ನಿಜವಾಗಿಯೂ ಪಟ್ಟಣದ ಗಡಿಯೊಳಗೆ ಇದೆಯಾ? ನಮ್ಮ ಮಲೆನಾಡಿನ ಊರುಗಳು ರಸ್ತೆ ಹಿಡಿದು ಉದ್ದಕ್ಕೆ ಬೆಳೆದಿವೆ. ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡು ಹೋಗುವಷ್ಟು ಹತ್ತಿರದ ಮನೆಯೂ ಗ್ರಾಮ ಪಂಚಾಯಿತಿಗೆ ಸೇರಿರಬಹುದು. ಆಗ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಬದಲು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಬೇಕು, ಖಾತೆ ಬದಲು ಹಳ್ಳಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ಫಾರಂ 9, 11 ಕೇಳಬೇಕು. ಹಿಂದಿನವರು ಕಟ್ಟಿದ ಕಂದಾಯದ ರಸೀದಿ ತೆಗೆದು ಮೇಲೆ ಪಟ್ಟಣ ಪಂಚಾಯಿತಿ ಹೆಸರು ಅಚ್ಚಾಗಿದೆಯಾ, ಗ್ರಾಮ ಪಂಚಾಯಿತಿಯದಾ ನೋಡಿ, ಗೊತ್ತಾಗುತ್ತೆ.

ನಮ್ಮ ಜಿಲ್ಲೆಯ ಊರುಗಳಲ್ಲಿ ಸಾಗರ, ಭದ್ರಾವತಿ ನಗರಸಭೆ. ಶಿಕಾರಿಪುರ ಪುರಸಭೆ. ತೀರ್ಥಹಳ್ಳಿ, ಹೊಸನಗರ ಪಟ್ಟಣ ಪಂಚಾಯಿತಿ. ಮುಖ್ಯವಾಗಿ ಜನಸಂಖ್ಯೆ ನೋಡಿ ಮಾಡಿದ ದರ್ಜೆ ಅಷ್ಟೇ, ಮೂರಕ್ಕೂ ಇರುವುದು 1964ರ ಪುರಸಭೆಗಳ ಕಾಯ್ದೆಯೇ. ನಗರಸಭೆಯಲ್ಲಿ ಪೌರಾಯುಕ್ತ ಇರ್ತಾರೆ, ಸಣ್ಣವುಗಳಲ್ಲಿ ಮುಖ್ಯಾಧಿಕಾರಿ. ಜನ ವಾರ್ಡ್ ಸದಸ್ಯನನ್ನೇ ಹಿಡಿದುಕೊಂಡು ಬೈತಾರೆ. ಪಾಪ, ಸದಸ್ಯನ ಕೈಯಲ್ಲಿ ಇರೋದು ಕಡಿಮೆ. ಸಭೆಯಲ್ಲಿ ಕೂಗಬಹುದು, ಠರಾವಿಗೆ ಕೈ ಎತ್ತಬಹುದು. ಚೆಕ್ಕಿಗೆ ಸಹಿ, ನೌಕರರ ಮೇಲೆ ಹಿಡಿತ, ಟೆಂಡರ್ ಕರೆಯೋದು ಎಲ್ಲ ಮುಖ್ಯಾಧಿಕಾರಿ ಕೈಯಲ್ಲಿ. ಅಧ್ಯಕ್ಷರ ಅವಧಿ 30 ತಿಂಗಳು, ಅದಕ್ಕೂ ಸರದಿ ಪ್ರಕಾರ ಮೀಸಲಾತಿ. ಆ ಮೀಸಲಾತಿ ಪಟ್ಟಿ ತಡವಾಗಿಯೋ ಕೋರ್ಟಿಗೆ ಹೋಗಿಯೋ ನಿಂತರೆ ಗೆದ್ದ ಸದಸ್ಯರಿದ್ದೂ ಅಧ್ಯಕ್ಷರೇ ಇಲ್ಲದೆ ತಿಂಗಳುಗಟ್ಟಲೆ ಕಳೆಯುತ್ತೆ, ಅಷ್ಟೂ ದಿನ ಒಬ್ಬ ಸರ್ಕಾರಿ ಅಧಿಕಾರಿ ಆಡಳಿತಾಧಿಕಾರಿಯಾಗಿ ಕೂತಿರ್ತಾರೆ. ರಾಜ್ಯದ ತುಂಬಾ 2018ರ ಚುನಾವಣೆಯ ನಂತರ ಇದೇ ಕಥೆ ಆಯ್ತು.

ದುಡ್ಡಿನ ವಿಷಯ ಇನ್ನೂ ಬೇಜಾರು. ಮನೆಕಂದಾಯ, ನೀರಿನ ಕರ, ಮಳಿಗೆ ಬಾಡಿಗೆ, ಸಂತೆ ಸುಂಕದ ಹರಾಜು, ಇಷ್ಟೇ ಊರಿನ ಸ್ವಂತ ಆದಾಯ. ಉಳಿದದ್ದು ಮೇಲಿಂದ ಬರಬೇಕು, ಎಸ್‌ಎಫ್‌ಸಿ ಅಂತ ರಾಜ್ಯದ ಅನುದಾನ, ಹಣಕಾಸು ಆಯೋಗದ್ದು ಅಂತ ಕೇಂದ್ರದ್ದು. ಬರುವಾಗಲೇ ಇಷ್ಟು ನೀರಿಗೆ, ಇಷ್ಟು ಕಸಕ್ಕೆ ಅಂತ ಭಾಗ ಆಗಿ ಬರುತ್ತೆ. ಕ್ರಿಯಾ ಯೋಜನೆ ಮಾಡಿ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶದಿಂದ ಒಪ್ಪಿಗೆ ತರಬೇಕು. ನಿಮ್ಮ ಬೀದಿಗೆ ಚರಂಡಿ ಬೇಕು ಅಂತ ಇವತ್ತು ಕೇಳಿದರೆ ಮುಂದಿನ ವರ್ಷದ ಪಟ್ಟಿಗೆ ಸೇರಬಹುದು. ಅದಕ್ಕೇ ಪಟ್ಟಿ ಮಾಡುವ ಮೊದಲೇ ಸದಸ್ಯರ ಕಿವಿಗೆ ಹಾಕಿ. ಸದಸ್ಯ ನಿಜವಾಗಿ ಉಪಯೋಗಕ್ಕೆ ಬರೋದು ಅಲ್ಲಿ.

ಈಗ ನಿಮ್ಮ ಬೀದಿದೀಪ. ಕಂಬ, ತಂತಿ ವಿದ್ಯುತ್ ಕಂಪನಿ ಮೆಸ್ಕಾಂನದ್ದು, ಬಲ್ಬು ಪಟ್ಟಣ ಪಂಚಾಯಿತಿಯದ್ದು. ಇಡೀ ಬೀದಿಯಲ್ಲಿ ಕರೆಂಟೇ ಇಲ್ಲ ಅಂದರೆ 1912ಕ್ಕೆ ಫೋನ್ ಮಾಡಿ. ಮನೆಗಳಲ್ಲಿ ಕರೆಂಟ್ ಇದ್ದು ದೀಪ ಮಾತ್ರ ಇಲ್ಲ ಅಂದರೆ ಪಂಚಾಯಿತಿಗೆ ಹೇಳಿ. ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನೇ ಕೊಡಿ, 'ಆ ಹಲಸಿನ ಮರದ ಹತ್ರ' ಅಂದರೆ ದೀಪದ ಗುತ್ತಿಗೆಯವನು ಬೇರೆ ಹಲಸಿನ ಮರ ನೋಡಿ ಹೋಗ್ತಾನೆ.

ರಸ್ತೆಯದ್ದೂ ಹೀಗೇ. ರಾಷ್ಟ್ರೀಯ ಹೆದ್ದಾರಿ 169 ತೀರ್ಥಹಳ್ಳಿ ಮೂಲಕವೇ ಹೋಗುತ್ತೆ. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ 169ಎ ನಿಮ್ಮ ಊರಿಂದಲೇ ಕವಲಾಗುತ್ತೆ. ಆ ರಸ್ತೆಗಳಲ್ಲಿ ಗುಂಡಿ ಬಿದ್ದರೆ ಹೆದ್ದಾರಿಯವರು ಮುಚ್ಚಬೇಕು, ಒಳಬೀದಿಯ ಗುಂಡಿ ಮಾತ್ರ ಪಂಚಾಯಿತಿಯದ್ದು. ಊರಿನ ಮುಖ್ಯರಸ್ತೆಯೇ ಊರಿನ ಆಡಳಿತದ ಕೈಯಲ್ಲಿಲ್ಲ ಅನ್ನೋದನ್ನು ಹೊಸಬರಿಗೆ ನಂಬಿಸೋದು ಕಷ್ಟ, ಆದರೆ ಇರೋದು ಹಾಗೇ.

ನೀರಿಗೆ ಪಕ್ಕದಲ್ಲೇ ತುಂಗೆ ಇದ್ದಾಳಲ್ಲ, ಮತ್ಯಾಕೆ ಸಮಸ್ಯೆ ಅಂತ ಅನಿಸುತ್ತೆ ಅಲ್ವಾ? ಹೊಳೆ ದಂಡೆಯ ಊರುಗಳಲ್ಲಿ ಹೊಳೆ ನೀರು ತುಂಬಿಕೊಳ್ಳುವ ಬಾವಿ, ಅಂದರೆ ಜಾಕ್‌ವೆಲ್‌ನಿಂದ ಪಂಪ್ ಮಾಡಿ, ಶುದ್ಧೀಕರಿಸಿ, ಎತ್ತರದ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಒಂದೊಂದೇ ಭಾಗಕ್ಕೆ ವಾಲ್ವ್ ತಿರುಗಿಸಿ ಬಿಡ್ತಾರೆ. ಮಳೆಗಾಲದಲ್ಲಿ ಹೊಳೆ ತುಂಬಿ ಹರೀತಾ ಇದ್ದರೂ ನಲ್ಲಿ ಒಣಗಿರೋದು ಇದಕ್ಕೇ. ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಪಂಪ್ ನಿಲ್ಲುತ್ತೆ, ಬಂದ ನೀರೂ ಕೆಂಪಾಗಿರೋದರಿಂದ ತಿಳಿಯಾಗೋಕೆ ಜಾಸ್ತಿ ಹೊತ್ತು ಬೇಕು. ಬೇಸಿಗೆಯಲ್ಲಿ ಹೊಳೆಯೇ ಇಳಿಯುತ್ತೆ. ನಿಮ್ಮ ಬೀದಿಗೆ ಎಷ್ಟು ಹೊತ್ತಿಗೆ ನೀರು ಅನ್ನೋದು ಆಫೀಸಿನ ಬೋರ್ಡಿನಲ್ಲಿ ಸಿಗಲ್ಲ, ವಾಲ್ವ್‌ಮನ್ ತಲೆಯಲ್ಲಿರುತ್ತೆ. ಅವರ ಪರಿಚಯ ಮಾಡಿಕೊಳ್ಳಿ, ನಂಬರ್ ಇಟ್ಟುಕೊಳ್ಳಿ, ಮರ್ಯಾದೆಯಿಂದ ಮಾತಾಡಿಸಿ. ಹಬ್ಬದ ದಿನವೂ ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸೋರು ಅವರು. ಕಸದ ಗಾಡಿಯ ಪೌರಕಾರ್ಮಿಕರೂ ಅಷ್ಟೇ. ಎಳ್ಳಮಾವಾಸ್ಯೆ ಜಾತ್ರೆ ಮುಗಿದ ಮಾರನೇ ದಿನ ನಿಮ್ಮ ಊರಿನ ರಸ್ತೆ ನೋಡಿ, ಅಷ್ಟು ಕಸ ಯಾರು ಎತ್ತುತ್ತಾರೆ ಅಂತ ಗೊತ್ತಾಗುತ್ತೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ.

ಮಳೆಗಾಲಕ್ಕೆ ಇನ್ನೂ ಒಂದೆರಡು ಮಾತು. ನಿಮ್ಮ ಜಾಗದ ಮರ ಮನೆ ಮೇಲೆ ವಾಲಿದೆ ಅಂತ ಸುಮ್ನೆ ಕಡಿಸಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಬಹಳಷ್ಟು ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆ ಶುರುವಾಗುವ ಮೊದಲೇ ಅರ್ಜಿ ಕೊಡಿ. ಇನ್ನು ಬೇಸಿಗೆ ಬಂತು ಅಂದರೆ ಮಂಗನ ಕಾಯಿಲೆ ಭಯ. 1957ರಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಕಸದ ಗಾಡಿಯವರಿಗೂ ಹೇಳಬೇಡಿ, ಆರೋಗ್ಯ ಇಲಾಖೆಗೆ ಅಥವಾ ನಿಮ್ಮ ಆಶಾ ಕಾರ್ಯಕರ್ತೆಗೆ ತಿಳಿಸಿ.

ದೂರು ಕೊಡುವಾಗ ಬಾಯಲ್ಲಿ ಹೇಳಿ ಬರಬೇಡಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಎರಡು ಪ್ರತಿ ಒಯ್ಯಿರಿ, ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. 'ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ' ಅಂದರೂ ಟಪಾಲು ತಗೊಳ್ಳೋಕೆ ಸಾಹೇಬರು ಬೇಕಿಲ್ಲ. ಖಾತೆಯಂಥ ಕೆಲಸಗಳು 'ಸಕಾಲ'ದಡಿ, ಅಂದರೆ ಇಷ್ಟು ದಿನದೊಳಗೆ ಮುಗಿಸಲೇಬೇಕು ಅನ್ನೋ ಕಾಯ್ದೆಯಡಿ ಬರುತ್ತವೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅರ್ಜಿಗೆ 15 ಅಂಕಿಯ ಜಿಎಸ್‌ಸಿ ನಂಬರ್ ಕೊಡಲೇಬೇಕು, ಕೇಳಿ ತಗೊಳ್ಳಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಅಂತ ಕಾಯ್ದೆಯಲ್ಲಿದೆ. ಆ 500 ರೂಪಾಯಿ ಯಾರಿಗೂ ದೊಡ್ಡದಲ್ಲ, ಆದರೆ ತಡವಾದದ್ದು ದಾಖಲೆಗೆ ಬರುತ್ತಲ್ಲ, ಅದಕ್ಕೆ ಹೆದರ್ತಾರೆ. ಏನೂ ಉತ್ತರ ಇಲ್ಲ ಅಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 'ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ' ಅಂತ. ಅರ್ಧಕ್ಕರ್ಧ ಕೆಲಸ ಉತ್ತರ ಬರೋ ಮೊದಲೇ ಆಗಿಬಿಡುತ್ತೆ. ಮಧ್ಯವರ್ತಿಗೆ ದುಡ್ಡು ಕೊಡಬೇಡಿ ಅಂತ ನಾನು ಹೇಳಿದರೆ ನನ್ನ ಬೀದಿಯಲ್ಲೇ ಕೆಲವರಿಗೆ ಸಿಟ್ಟು ಬರುತ್ತೆ, ಆದರೂ ಹೇಳ್ತೀನಿ, ಕೊಡಬೇಡಿ.

ಖಾತೆಗೆ ನೋಂದಾಯಿತ ಕ್ರಯಪತ್ರ, ಇಸಿ (ಋಣಭಾರ ಪತ್ರ), ಈ ವರ್ಷದ ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಮನೆಯ ಫೋಟೋ, ನಿಮ್ಮ ಆಧಾರ್ ಇಟ್ಟುಕೊಂಡು ಹೋಗಿ. ಹಿಂದಿನವರ ಹೆಸರಲ್ಲಿ ಕಂದಾಯ, ನೀರಿನ ಕರ ಬಾಕಿ ಇದೆಯಾ ಅಂತ ಕೌಂಟರಿನಲ್ಲಿ ಮೊದಲೇ ಕೇಳಿ, ಯಾಕಂದರೆ ಬಾಕಿ ತೀರದೆ ಹೆಸರು ಬದಲಾಗಲ್ಲ, ಕಟ್ಟೋದು ನೀವೋ ಅವರೋ ಅನ್ನೋ ಜಗಳ ಅವರು ಫೋನ್ ಎತ್ತುವಾಗಲೇ ಮುಗಿಸಿಕೊಳ್ಳಬೇಕು. ಮುಂದಿನ ವರ್ಷದಿಂದ ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿಬಿಡಿ, ಶೇ. 5 ರಿಯಾಯಿತಿ ಸಿಗುತ್ತೆ.