ಮೊದಲು ಬೆನ್ನು ಅಳೆಯಿರಿ, ಆಮೇಲೆ ಜೀನು ಕೊಳ್ಳಿ

ಕುದುರೆ ಸಾಕಿರುವ, ಸವಾರಿ ಕಲಿಯುತ್ತಿರುವ ಓದುಗರಿಂದ ಬಂದ ಮೂರು ಪ್ರಶ್ನೆಗಳಿಗೆ ಈ ಸಲ ಪಶುವೈದ್ಯರ ಉತ್ತರ.

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಗೌರಿಬಿದನೂರಿನ ಹತ್ತಿರ ನಮ್ಮದೊಂದು ತೋಟ ಇದೆ. ಹೋದ ವರ್ಷ ರೇಸ್ ಬಿಟ್ಟ ಹೆಣ್ಣು ಕುದುರೆಯೊಂದನ್ನು ತಂದೆವು. ಏಳು ವರ್ಷದ್ದು. ಆನ್‌ಲೈನ್‌ನಲ್ಲಿ 17 ಇಂಚಿನ ಜೀನು ತರಿಸಿದೆ. ಮೊದಲು ಎರಡು ತಿಂಗಳು ಚೆನ್ನಾಗಿತ್ತು. ಈಗ ಜೀನು ಕಂಡರೆ ಸಾಕು, ಕಿವಿ ಹಿಂದಕ್ಕೆ ಮಲಗಿಸುತ್ತದೆ. ಹೊಟ್ಟೆಪಟ್ಟಿ ಬಿಗಿಯಲು ಹೋದರೆ ಕಚ್ಚಲು ಬರುತ್ತದೆ. ಹೆಗಲಿನ ಎರಡೂ ಪಕ್ಕ ರೂಪಾಯಿ ಅಗಲ ಬಿಳಿ ಕೂದಲು ಬಂದಿದೆ. ಕೆಳಗೆ ದಪ್ಪ ಜೆಲ್ ಪ್ಯಾಡ್ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ನೋಡಿಕೊಳ್ಳುವ ಹುಡುಗ ‘ಇದಕ್ಕೆ ಸೊಕ್ಕು ಸಾರ್’ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಅದು ಸೊಕ್ಕಲ್ಲ, ನೋವು. ಇವತ್ತಿನಿಂದಲೇ ಜೀನು ಹಾಕುವುದನ್ನು ನಿಲ್ಲಿಸಿ. ಹಗ್ಗ ಹಿಡಿದು ನಡೆಸಿ, ತೋಟದಲ್ಲಿ ಬಿಟ್ಟು ಮೇಯಿಸಿ, ಮೈ ತಿಕ್ಕಿ. ಸವಾರಿ ಮಾತ್ರ ಬೇಡ.

ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಉಜ್ಜಿ ಬಾವು ಬಂದರೆ ಯಾವ ರೈತನೂ ಎತ್ತಿಗೆ ಬೈಯುವುದಿಲ್ಲ. ನೊಗ ನೋಡುತ್ತಾನೆ. ಬೇಕಾದರೆ ಕೆತ್ತುತ್ತಾನೆ, ನಯ ಮಾಡುತ್ತಾನೆ, ಹೆಗಲು ಮಾಗುವ ತನಕ ಎತ್ತನ್ನು ಕೊಟ್ಟಿಗೆಯಲ್ಲೇ ಕಟ್ಟುತ್ತಾನೆ. ಆದರೆ ಕುದುರೆ ವಿಷಯದಲ್ಲಿ ಮಾತ್ರ ಜೀನು ನೋಡುವ ಮೊದಲೇ ಕುದುರೆಯ ಗುಣ ಸರಿಯಿಲ್ಲ ಅಂದುಬಿಡುತ್ತೇವೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೋಲಾರದ ಕಡೆ ಒಂದು ಕುದುರೆಯನ್ನು ನೋಡುತ್ತಿದ್ದೆ. ಹತ್ತಿದವರನ್ನೆಲ್ಲ ಎಸೆಯುತ್ತಿತ್ತು. ಕಾಲು ನೋಡಿದೆ, ಹಲ್ಲು ನೋಡಿದೆ, ಬೆನ್ನಿಗೆ ನೋವಿನ ಇಂಜೆಕ್ಷನ್ ಕೊಟ್ಟೆ. ನಾಲ್ಕು ದಿನ ಸರಿಹೋಗುತ್ತಿತ್ತು, ಮತ್ತೆ ಅದೇ ಕಥೆ. ಒಂದು ದಿನ ಲಾಯದ ಮುದುಕರೊಬ್ಬರು ಜೀನನ್ನು ತಿರುಗಿಸಿ ತೊಡೆಗೆ ಒತ್ತಿ ಬಗ್ಗಿಸಿ ತೋರಿಸಿದರು. ಒಳಗಿನ ಚೌಕಟ್ಟು ಮುರಿದು ಎರಡಾಗಿತ್ತು. ಪ್ರತಿ ಹೆಜ್ಜೆಗೂ ಅದು ಕುದುರೆಯ ಬೆನ್ನನ್ನು ಚಿವುಟುತ್ತಿತ್ತು. ಆ ಪಾಪದ ಪ್ರಾಣಿ ಎರಡು ತಿಂಗಳು ನನಗೆ ಅದನ್ನೇ ಹೇಳುತ್ತಿತ್ತು. ಅಂದಿನಿಂದ ಬೆನ್ನಿನ ಕೇಸ್ ಬಂದರೆ ಸ್ಟೆತಾಸ್ಕೋಪ್ ತೆಗೆಯುವ ಮೊದಲು ಜೀನು ತರಿಸುತ್ತೇನೆ.

ನಿಮ್ಮ ಪತ್ರದಲ್ಲೇ ಕಾರಣದ ಸುಳಿವಿದೆ. 17 ಇಂಚು ಅನ್ನುವುದು ನಿಮ್ಮ ಅಳತೆ, ಕುದುರೆಯದಲ್ಲ. ಸವಾರ ಕೂರುವ ಜಾಗ ಎಷ್ಟು ಉದ್ದ ಅಂತ ಅದು ಹೇಳುತ್ತದೆ ಅಷ್ಟೇ. ಕುದುರೆಗೆ ಬೇಕಾದ ಅಳತೆ ಬೇರೆ: ಜೀನಿನೊಳಗಿನ ಚೌಕಟ್ಟು, ಸವಾರರು ಟ್ರೀ ಅನ್ನುತ್ತಾರಲ್ಲ, ಅದರ ಮುಂಭಾಗ ಎಷ್ಟು ಅಗಲ, ಯಾವ ಕೋನದಲ್ಲಿ ಕೂತಿದೆ ಅನ್ನುವುದು. ರೇಸ್ ಬಿಟ್ಟು ಬಂದ ಥರೋಬ್ರೆಡ್ ತಳಿಯ ಕುದುರೆಗೆ ಹೆಗಲಿನ ದಿಬ್ಬ ಎತ್ತರ, ಅದರ ಎರಡೂ ಪಕ್ಕ ಮಾಂಸ ಕಡಿಮೆ. ನಿಮ್ಮಲ್ಲಿಗೆ ಬಂದ ಮೇಲೆ ಹುರುಳಿ, ಹಸಿರು ಹುಲ್ಲು, ಬೇರೆ ಥರದ ಕೆಲಸ. ಮೈ ತುಂಬಿಕೊಂಡಿರಬೇಕು. ಬೆನ್ನಿನ ಆಕಾರ ಎರಡು ಮೂರು ತಿಂಗಳಲ್ಲಿ ಬದಲಾಗುತ್ತದೆ. ಅವತ್ತು ಸರಿಯಾಗಿದ್ದ ಜೀನು ಇವತ್ತು ಹಿಡಿಯುತ್ತಿದೆ.

ಬಿಳಿ ಕೂದಲು ಹೇಗೆ ಬರುತ್ತೆ ಗೊತ್ತಾ? ಒಂದೇ ಜಾಗದಲ್ಲಿ ಒತ್ತಡ ಬಿದ್ದು ರಕ್ತ ಓಡಾಡುವುದು ನಿಂತರೆ, ಕೂದಲಿಗೆ ಬಣ್ಣ ಕೊಡುವ ಕಣಗಳು ಸಾಯುತ್ತವೆ. ಮುಂದಿನ ಸಲ ಕೂದಲು ಹುಟ್ಟುವಾಗ ಬಿಳಿಯದೇ ಬರುತ್ತದೆ. ಅಂದರೆ ನೀವು ಇವತ್ತು ನೋಡುತ್ತಿರುವುದು ಕೆಲವು ವಾರ, ತಿಂಗಳ ಹಿಂದಿನ ಗಾಯದ ಗುರುತು. ಎಷ್ಟೋ ಸಲ ಆ ಬಿಳುಪು ಕೊನೆಯ ತನಕ ಉಳಿಯುತ್ತದೆ.

ದಪ್ಪ ಪ್ಯಾಡ್ ಮಾತ್ರ ದಯವಿಟ್ಟು ಬೇಡ. ಬಿಗಿಯಾದ ಶೂ ಒಳಗೆ ಎರಡು ಜೊತೆ ಕಾಲುಚೀಲ ಹಾಕಿದರೆ ಏನಾಗುತ್ತೆ? ಇನ್ನೂ ಬಿಗಿಯಾಗುತ್ತೆ ಅಲ್ವಾ? ಇದೂ ಹಾಗೆಯೇ. ಜೀನು ಸ್ವಲ್ಪ ಅಗಲವಾಗಿದ್ದಾಗ, ಅದೂ ತಾತ್ಕಾಲಿಕವಾಗಿ, ಪ್ಯಾಡ್ ಉಪಯೋಗಕ್ಕೆ ಬರುತ್ತದೆ. ಇಕ್ಕಟ್ಟಾದ ಜೀನಿಗೆ ಅದು ಮದ್ದಲ್ಲ.

ಈಗ ನೀವೇ ಪರೀಕ್ಷೆ ಮಾಡಿ. ಮೊದಲು ಖಾಲಿ ಬೆನ್ನನ್ನು ನೋಡಿ. ಬೆನ್ನುಮೂಳೆಯಿಂದ ನಾಲ್ಕು ಬೆರಳು ಪಕ್ಕಕ್ಕೆ, ಹೆಗಲಿನಿಂದ ಸೊಂಟದ ತನಕ ಬೆರಳ ತುದಿಯಿಂದ ಒಂದೇ ಸಮ ಒತ್ತಿಕೊಂಡು ಹೋಗಿ. ಎಲ್ಲಿ ಬೆನ್ನು ಕುಗ್ಗಿಸುತ್ತದೆಯೋ, ಚರ್ಮ ಅದುರಿಸುತ್ತದೆಯೋ, ಅಲ್ಲಿ ನೋವಿದೆ. ಸೀಮೆಸುಣ್ಣದಿಂದ ಗುರುತು ಮಾಡಿ.

ಆಮೇಲೆ ಸಮ ನೆಲದಲ್ಲಿ ನಿಲ್ಲಿಸಿ, ಪ್ಯಾಡೂ ಇಲ್ಲದೆ, ಪಟ್ಟಿಯೂ ಕಟ್ಟದೆ, ಬರೀ ಜೀನು ಇಡಿ. ಸ್ವಲ್ಪ ಮುಂದೆ ಇಟ್ಟು, ಕೂದಲು ಮಲಗಿದ ದಿಕ್ಕಿಗೆ ಹಿಂದಕ್ಕೆ ಜಾರಿಸಿ. ಅದೇ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಭುಜದ ಮೂಳೆಯ ಹಿಂದಿನ ಅಂಚಿಗೆ ಎರಡು ಮೂರು ಬೆರಳು ಜಾಗ ಇರಬೇಕು. ಕುದುರೆ ಮುಂಗಾಲು ಮುಂದಿಟ್ಟಾಗ ಆ ಮೂಳೆಯ ಮೇಲ್ಭಾಗ ಹಿಂದಕ್ಕೆ ಸರಿಯುತ್ತದೆ. ಜಾಗ ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಚೌಕಟ್ಟಿಗೆ ಬಡಿಯುತ್ತದೆ. ಹಿಂದುಗಡೆ ಜೀನು ಕೊನೆಯ ಪಕ್ಕೆಲುಬನ್ನು ದಾಟಬಾರದು. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಹೊಟ್ಟೆಯ ಪಕ್ಕದಿಂದ ತಡವಿಕೊಂಡು ಮೇಲೆ ಹೋದರೆ ಕೊನೆಯದು ಸಿಗುತ್ತದೆ. ಅದರ ಹಿಂದೆ ಬೆನ್ನಿಗೆ ಪಕ್ಕೆಲುಬಿನ ಆಸರೆಯೇ ಇಲ್ಲ. ಭಾರ ಹೊರುವ ಜಾಗ ಅದಲ್ಲ.

ಮುಂದಿನಿಂದ ಬಗ್ಗಿ ನೋಡಿದರೆ ಬೆನ್ನುಮೂಳೆಯ ಮೇಲೆ ಸುರಂಗದ ಹಾಗೆ ಬೆಳಕು ಕಾಣಬೇಕು. ಸುರಂಗ ಉದ್ದಕ್ಕೂ ಮೂರು ನಾಲ್ಕು ಬೆರಳು ಅಗಲ ಇರಬೇಕು. ಹೆಗಲ ದಿಬ್ಬದ ಮೇಲೆ ಎರಡು ಮೂರು ಬೆರಳು ಎತ್ತರ ಬಿಡುವಿರಬೇಕು. ಇದನ್ನು ಸವಾರ ಕೂತ ಮೇಲೂ ನೋಡಿ. ಖಾಲಿ ಇದ್ದಾಗ ಚೆನ್ನಾಗಿ ಕಾಣುವ ಜೀನು ಭಾರ ಬಿದ್ದಾಗ ಕೂತುಬಿಡುತ್ತದೆ. ಇನ್ನು ಜೀನಿನ ಅಡಿಯಲ್ಲಿ ಎರಡೂ ಪಕ್ಕ ಇರುವ ಮೆತ್ತನೆಯ ದಿಂಡಿನ ಕೆಳಗೆ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ಸರಿಸಿ. ಒಂದೇ ಸಮ ಒತ್ತಬೇಕು. ಮುಂದೆ ಹಿಂದೆ ಬಿಗಿ, ಮಧ್ಯ ಟೊಳ್ಳು ಅಂತಾದರೆ ಸವಾರನ ಭಾರವೆಲ್ಲ ನಾಲ್ಕು ಬಿಂದುಗಳ ಮೇಲೆ ಬೀಳುತ್ತಿದೆ. ನಿಮ್ಮ ಕುದುರೆಯ ಹೆಗಲಿನ ಆ ಎರಡು ರೂಪಾಯಿ ಗುರುತುಗಳನ್ನು ಓದಿದಾಗ ನನಗೆ ಬಂದ ಅನುಮಾನ ಇದು, ಅಥವಾ ಚೌಕಟ್ಟು ಇಕ್ಕಟ್ಟಾಗಿದೆ.

ಬೆನ್ನು ಪೂರ್ತಿ ಮಾಗಿದ ಮೇಲೆ ಯಾವ ಜೀನು ತಂದರೂ ಇನ್ನೊಂದು ಪರೀಕ್ಷೆ ಮಾಡಿ. ತೆಳ್ಳನೆಯ ಬಿಳಿ ಹತ್ತಿ ಬಟ್ಟೆ ಹಾಸಿ ಅರ್ಧ ಗಂಟೆ ಸವಾರಿ ಮಾಡಿ, ಜೀನು ತೆಗೆದು ಬೆವರಿನ ಗುರುತು ನೋಡಿ. ಎರಡೂ ಕಡೆ ಒಂದೇ ಥರ ಒದ್ದೆ ಇದ್ದರೆ ಒಳ್ಳೆಯದು. ಸುತ್ತ ಒದ್ದೆ, ನಡುವೆ ಅಂಗೈಗಿಂತ ಚಿಕ್ಕ ಒಣ ಜಾಗ ಅಂದರೆ ಅಲ್ಲಿ ಒತ್ತಡ ಬಿದ್ದು ಬೆವರೇ ಬಂದಿಲ್ಲ ಅಂತ ಅನುಮಾನಿಸಬೇಕು. ಸುರಂಗದ ಕೆಳಗಿನ ಉದ್ದ ಪಟ್ಟಿ ಒಣಗಿರುವುದು ಸಹಜ, ಅದಕ್ಕೆ ಹೆದರಬೇಡಿ.

ಹೊಸ ಜೀನು ಕೊಳ್ಳುವುದಾದರೆ ಅಳತೆ ಹೇಗೆ ತೆಗೆಯಬೇಕು ಅಂತ ಹೇಳುತ್ತೇನೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಮೀಟರ್ ದಪ್ಪ ವೈರ್ ತನ್ನಿ, ಬಗ್ಗಿಸಿದ ಹಾಗೆ ನಿಲ್ಲುವಂಥದ್ದು. ಭುಜದ ಮೂಳೆಯ ಹಿಂದೆ ಮೂರು ಬೆರಳು ಬಿಟ್ಟು ಬೆನ್ನಿನ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ಪಕ್ಕ ಒತ್ತಿ ಆಕಾರ ತೆಗೆಯಿರಿ. ಜೋಪಾನವಾಗಿ ಎತ್ತಿ ರಟ್ಟಿನ ಮೇಲಿಟ್ಟು ಒಳ ಅಂಚಿನಲ್ಲಿ ಗೆರೆ ಎಳೆಯಿರಿ. ಎಡ, ಬಲ ಅಂತ ಬರೆಯಲೇಬೇಕು. ಎರಡು ಭುಜವೂ ಸಮ ಇರುವ ಕುದುರೆ ಅಪರೂಪ. ಇದೇ ಥರ ಬೆನ್ನಿನ ಮಧ್ಯದಲ್ಲಿ ಒಂದು, ಕೊನೆಯ ಪಕ್ಕೆಲುಬಿನ ಹತ್ತಿರ ಒಂದು, ಬೆನ್ನುಮೂಳೆಯ ಉದ್ದಕ್ಕೆ ಒಂದು. ನಾಲ್ಕು ಗೆರೆ, ಜೊತೆಗೆ ಪಕ್ಕದಿಂದ ತೆಗೆದ ಒಂದು ಫೋಟೋ. ದೇಶದಲ್ಲಿ ಜೀನು ತಯಾರಿಕೆಗೆ ಹೆಸರಾದ ಊರು ಕಾನ್ಪುರ. ಅಲ್ಲಿನ ಜೀನಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಇದೆ. ನೀವು ಕೊಳ್ಳುವುದು ಅಲ್ಲಿಯದೇ ಆಗಲಿ, ಬೇರೆಯದೇ ಆಗಲಿ, ಈ ರಟ್ಟನ್ನು ಮೊದಲು ಕಳಿಸಿ. ‘ಎಲ್ಲಾ ಕುದುರೆಗೂ ಆಗುತ್ತೆ’ ಅಂದವರ ಹತ್ತಿರ ಮಾತ್ರ ಕೊಳ್ಳಬೇಡಿ.

ಒಳಗೆ ಉಣ್ಣೆ ತುಂಬಿದ ಜೀನೇ ನನ್ನ ಆಯ್ಕೆ. ಫೋಮ್ ಕೂತರೆ ಕೂತಿತು. ಉಣ್ಣೆಯನ್ನು ತೆಗೆದು, ಸೇರಿಸಿ, ಬೆನ್ನಿಗೆ ತಕ್ಕಂತೆ ಮತ್ತೆ ತುಂಬಿಸಬಹುದು. ಹೊಸ ಉಣ್ಣೆ ಕೆಲವೇ ತಿಂಗಳಲ್ಲಿ ಅದುಮಿಕೊಳ್ಳುತ್ತದೆ, ಆಮೇಲೂ ವರ್ಷಕ್ಕೊಮ್ಮೆ ನೋಡಿಸಬೇಕು. ಇನ್ನೊಂದು ಮಾತು: ಹೊಳೆಯುವ ಅಗ್ಗದ ಹೊಸ ಜೀನಿಗಿಂತ, ಚೌಕಟ್ಟು ಗಟ್ಟಿಯಿರುವ ಒಳ್ಳೆಯ ಹಳೆಯ ಜೀನು ಎಷ್ಟೋ ಮೇಲು.

ಭಾರದ ಲೆಕ್ಕವನ್ನೂ ಹಾಕಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20 ದಾಟದಿದ್ದರೆ ಒಳ್ಳೆಯದು. 450 ಕಿಲೋ ಕುದುರೆಗೆ 90 ಕಿಲೋ. ಇಂಗ್ಲಿಷ್ ಜೀನೇ ಏಳೆಂಟು ಕಿಲೋ ತೂಗುತ್ತದೆ ಅನ್ನುವುದನ್ನು ಮರೆಯಬೇಡಿ.

ಕೊನೆಯದಾಗಿ, ಪಟ್ಟಿ ಬಿಗಿಯುವಾಗ ಕಚ್ಚುವುದಕ್ಕೆ ಜೀನು ಒಂದೇ ಕಾರಣ ಆಗಬೇಕಾಗಿಲ್ಲ. ರೇಸ್ ಕುದುರೆಗಳಲ್ಲಿ ಹೊಟ್ಟೆಯ ಹುಣ್ಣು ಬಹಳ ಸಾಮಾನ್ಯ. ಕಾಳು ಜಾಸ್ತಿ, ಹುಲ್ಲು ಕಡಿಮೆ ತಿಂದು ಬೆಳೆದಿರುತ್ತವೆ. ಜೀನು ತೆಗೆದಿಟ್ಟ ಮೇಲೂ ಹೊಟ್ಟೆ ಮುಟ್ಟಿದರೆ ಸಿಟ್ಟಾದರೆ ನಿಮ್ಮ ಪಶುವೈದ್ಯರಿಗೆ ಇದನ್ನು ತಪ್ಪದೆ ಹೇಳಿ. ಚರ್ಮ ಒಡೆದು ಗಾಯವಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯಾ ಅಂತಲೂ ಕೇಳಿ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ. ಹೆಗಲ ದಿಬ್ಬದ ಮೇಲೆ ಬಿಸಿಯಾದ ಬಾವು ಕಂಡರೆ ಯಾರ ಕೈಲೂ ಕೊಯ್ಯಿಸಬೇಡಿ, ಸುಡಿಸಬೇಡಿ. ಒಳಗೆ ಕೀವು ಮೂಳೆಯ ತನಕ ಇಳಿದರೆ ತಿಂಗಳುಗಟ್ಟಲೆ ಮಾಗುವುದಿಲ್ಲ.

ಪ್ರಶ್ನೆ: ಶಿರಾ ತಾಲ್ಲೂಕಿನವನು ನಾನು. ನಮ್ಮ ಕಾಠಿಯಾವಾಡಿ ತಳಿಯ ಗಂಡು ಕುದುರೆ ಮೆರವಣಿಗೆಯಲ್ಲಿ ಕೈಗೆ ಸಿಗುವುದಿಲ್ಲ. ನಮ್ಮ ದೊಡ್ಡಪ್ಪ ಮುಳ್ಳಿನ ಕಡಿವಾಣ ಹಾಕು ಅನ್ನುತ್ತಾರೆ. ಅವರ ಕಾಲದಲ್ಲಿ ಜಟಕಾ ಕುದುರೆಗೆ ಅದನ್ನೇ ಹಾಕುತ್ತಿದ್ದರಂತೆ. ಹಾಕಬಹುದಾ?

ಉತ್ತರ: ಬೇಡ. ದೊಡ್ಡಪ್ಪನವರ ಅನುಭವಕ್ಕೆ ಗೌರವ ಇದೆ, ಆದರೆ ಇದೊಂದು ಮಾತು ಕೇಳಬೇಡಿ. ಮುಳ್ಳು, ಚೂಪು ಇರುವ ಕಡಿವಾಣ ಹಾಕುವುದನ್ನು 1965ರ ನಿಯಮಗಳೇ ನಿಷೇಧಿಸಿವೆ. ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು ಕೇಂದ್ರ ಸರ್ಕಾರ ತಂದ ನಿಯಮಗಳು ಅವು. ಸವಾರಿ ಕುದುರೆಗೂ ಅನ್ವಯಿಸುತ್ತವೆ.

ಕಾನೂನು ಪಕ್ಕಕ್ಕಿಡಿ. ಕುದುರೆಯ ಮುಂಹಲ್ಲು, ದವಡೆ ಹಲ್ಲುಗಳ ನಡುವೆ ಹಲ್ಲಿಲ್ಲದ ಜಾಗ ಇದೆ. ಕಡಿವಾಣ ಕೂರುವುದು ಅಲ್ಲಿ. ಅಲ್ಲಿ ದವಡೆ ಮೂಳೆಯ ಮೇಲೆ ಇರುವುದು ತೆಳು ವಸಡು ಮಾತ್ರ. ನಾಲಿಗೆಯೂ ಅಲ್ಲೇ. ಮುಳ್ಳು ಅಲ್ಲಿ ಚುಚ್ಚಿದರೆ ಕುದುರೆ ಹೆದರಿ ತಲೆ ಎತ್ತುತ್ತದೆ, ಹಿಂಗಾಲಲ್ಲಿ ನಿಲ್ಲುತ್ತದೆ. ತಮಟೆ, ಪಟಾಕಿಯ ನಡುವೆ, ಮಕ್ಕಳು ಮರಿ ಓಡಾಡುವ ಕಡೆ ಇದು ಎಷ್ಟು ಅಪಾಯ ಯೋಚಿಸಿ.

ನಯವಾದ, ಮಧ್ಯ ಒಂದೋ ಎರಡೋ ಕೀಲು ಇರುವ ಸ್ನ್ಯಾಫಲ್ ಕಡಿವಾಣ ಸಾಕು. ಬಾಯಿಯ ಅಗಲ ಅಳೆದು ತನ್ನಿ. ತುಟಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದಾರ ಹಿಡಿದು ಅಳೆದು, ಎರಡೂ ಕಡೆ ಕಾಲು ಇಂಚಿನಷ್ಟು ಮಾತ್ರ ಹೆಚ್ಚಿರಲಿ. ಎತ್ತರ ಸರಿ ಇದ್ದರೆ ಬಾಯಿಯ ಮೂಲೆಯಲ್ಲಿ ಒಂದೆರಡು ಮಡಿಕೆ ಕಾಣುತ್ತದೆ. ಮೂಗುಪಟ್ಟಿ ಒಳಗೆ ಎರಡು ಬೆರಳು, ಗಂಟಲ ಪಟ್ಟಿ ಒಳಗೆ ಒಂದು ಮುಷ್ಟಿ ಹೋಗಬೇಕು. ಕಾಠಿಯಾವಾಡಿಯ ಕಿವಿ ಒಳಕ್ಕೆ ಬಾಗಿ ತುದಿ ಕೂಡುವಷ್ಟು ಹತ್ತಿರ ಇರುತ್ತದೆ. ಹಣೆಪಟ್ಟಿ ಗಿಡ್ಡವಾದರೆ ತಲೆಪಟ್ಟಿಯನ್ನು ಮುಂದಕ್ಕೆ ಎಳೆದು ಕಿವಿಯ ಬುಡ ಉಜ್ಜುತ್ತದೆ. ಕುದುರೆ ತಲೆ ಕೊಡವಲು ಅದೊಂದೇ ಸಾಕು.

ಮೊದಲು ಹಲ್ಲು ತೋರಿಸಿ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದ್ದರೆ ಯಾವ ಕಡಿವಾಣಕ್ಕೂ ಬಗ್ಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಆ ಅಂಚನ್ನು ಅರದಿಂದ ಉಜ್ಜಿಸಬೇಕು. ಆಮೇಲೆ ತಮಟೆ ಸದ್ದಿಗೆ ದೂರದಿಂದ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಆಗಲೂ ಹೆದರುತ್ತದೆ ಅಂದರೆ ಅದನ್ನು ಮೆರವಣಿಗೆಗೆ ಒಯ್ಯಬೇಡಿ. ಎಲ್ಲಾ ಕುದುರೆಯೂ ಆ ಕೆಲಸಕ್ಕೆ ಹುಟ್ಟಿರುವುದಿಲ್ಲ.

ಪ್ರಶ್ನೆ: ನಮ್ಮ ಮಗಳಿಗೆ 12 ವರ್ಷ. ಕೋಲಾರದಿಂದ ಪ್ರತಿ ಭಾನುವಾರ ಕುದುರೆ ಸವಾರಿ ಕ್ಲಾಸಿಗೆ ಕರೆದುಕೊಂಡು ಹೋಗುತ್ತೇವೆ. ಮಂಡಿ ನೋವು, ಕಾಲು ರಿಕಾಪಿನಿಂದ (ಪಾದ ಇಡುವ ಬಳೆ) ಜಾರುತ್ತೆ ಅನ್ನುತ್ತಾಳೆ. ಅವಳಿಗೇ ಅಂತ ಒಂದು ಜೀನು ಕೊಡಿಸಬೇಕಾ?

ಉತ್ತರ: ಸ್ವಂತ ಕುದುರೆ ಇಲ್ಲದೆ ಸ್ವಂತ ಜೀನು ಬೇಡಮ್ಮ. ಮೇಲಿನ ಉತ್ತರ ಓದಿದರೆ ಯಾಕೆ ಅಂತ ಗೊತ್ತಾಗುತ್ತೆ. ಆ ದುಡ್ಡಿನಲ್ಲಿ ಮೊದಲು ಅಳತೆಗೆ ಸರಿಯಾದ ಹೆಲ್ಮೆಟ್ ಕೊಡಿಸಿ, ಸವಾರಿಯದ್ದೇ, ಸೈಕಲ್‌ದಲ್ಲ. ಆಮೇಲೆ ಸಣ್ಣ ಹಿಮ್ಮಡಿ ಇರುವ, ಅಡಿ ನಯವಾಗಿರುವ ಶೂ. ಸ್ಪೋರ್ಟ್ಸ್ ಶೂ, ಚಪ್ಪಲಿ ಖಂಡಿತ ಬೇಡ. ಹಿಮ್ಮಡಿ ಇಲ್ಲದಿದ್ದರೆ ಪಾದ ರಿಕಾಪಿನೊಳಗೆ ತೂರಿಹೋಗುತ್ತದೆ. ಬಿದ್ದರೆ ಕುದುರೆ ಎಳೆದುಕೊಂಡು ಓಡುತ್ತದೆ.

ರಿಕಾಪಿನ ಉದ್ದ ನೋಡಲು ಸುಲಭ ದಾರಿ ಇದೆ. ಬೆರಳ ತುದಿಯನ್ನು ಜೀನಿನಲ್ಲಿ ರಿಕಾಪಿನ ಪಟ್ಟಿ ನೇತುಹಾಕುವ ಕಬ್ಬಿಣಕ್ಕೆ ಇಟ್ಟು, ರಿಕಾಪನ್ನು ತೋಳಿನ ಉದ್ದಕ್ಕೆ ಎಳೆದು ಹಿಡಿದರೆ ಅದು ಕಂಕುಳಿಗೆ ತಾಗಬೇಕು. ತೀರಾ ಗಿಡ್ಡವಾದರೆ ಮಂಡಿ ನೋವು. ತೀರಾ ಉದ್ದವಾದರೆ ಕಾಲು ಜಾರುವುದು. ಎರಡೂ ಇದೆ ಅಂದರೆ ವಾರಕ್ಕೊಂದು ಅಳತೆಯಲ್ಲಿ ಕೂರಿಸುತ್ತಿದ್ದಾರೇನೋ. ಮಗಳು ರಿಕಾಪಿನ ಪಟ್ಟಿಯಲ್ಲಿ ಅವಳ ತೂತಿನ ನಂಬರ್ ಬರೆದಿಟ್ಟುಕೊಳ್ಳಲಿ, ಬೇರೆ ಜೀನು ಕೊಟ್ಟ ದಿನ ಮತ್ತೆ ಅಳೆಯಲಿ. ರಿಕಾಪಿನ ಅಗಲ ಅವಳ ಶೂಗಿಂತ ಒಟ್ಟು ಒಂದು ಇಂಚು ಜಾಸ್ತಿ ಇರಬೇಕು. ಮಕ್ಕಳಿಗೆ ದೊಡ್ಡವರ ರಿಕಾಪು ಹಾಕಿಕೊಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ಅದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ.

ಜೀನಿನ ಮೇಲೆ ಕೂತಾಗ ಅವಳ ಹಿಂದೆ ನಾಲ್ಕು ಬೆರಳು ಜಾಗ ಉಳಿದರೆ ಅಳತೆ ಸರಿ. ಅಂಗೈ ಉದ್ದ ಉಳಿದರೆ ಅದು ದೊಡ್ಡವರ ಜೀನು, ಚಿಕ್ಕದು ಕೊಡಿ ಅಂತ ಕೇಳಿ. ಹತ್ತುವ ಮೊದಲು ಇನ್ನೊಂದನ್ನು ನೋಡಲು ಕಲಿಸಿ: ರಿಕಾಪಿನ ಪಟ್ಟಿ ಸಿಕ್ಕಿಸುವ ಕಬ್ಬಿಣದ ತುದಿಯಲ್ಲಿ ಸಣ್ಣ ಕೊಂಡಿ ಇರುತ್ತದೆ. ಅದು ಮೇಲಕ್ಕೆ ಮಡಚಿರಬಾರದು, ಬಿಚ್ಚಿಕೊಂಡು ಸಪಾಟಾಗಿರಬೇಕು. ಕಾಲು ಸಿಕ್ಕಿಕೊಂಡು ಬಿದ್ದರೂ ಆಗ ಪಟ್ಟಿಯೇ ಕಳಚಿ ಬರುತ್ತದೆ. ಎಡಗಡೆಯದನ್ನೂ ಬಲಗಡೆಯದನ್ನೂ ಅವಳೇ ಕೈಯಿಂದ ಮುಟ್ಟಿ ನೋಡಲಿ.