ಪೂರ್ತಿ ಕ್ಯಾಸೆಟ್ಟೋ, ಬೇಕಾದ ಹಾಡಷ್ಟೇನೋ?

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಕೆಲ್ಸ ಮಾಡ್ತೀನಿ, ಬಸ್ಸಲ್ಲಿ ಹೋಗ್ತಾ ಬರ್ತಾ ದಿನಕ್ಕೆ ಎರಡು ಗಂಟೆ ಇಯರ್‌ಫೋನ್ ಕಿವೀಲೇ ಇರುತ್ತೆ. ಇಷ್ಟ ಆದ ಹಾಡು ಒಂದೊಂದೇ ಡೌನ್‌ಲೋಡ್ ಮಾಡ್ಕೊಂಡು ಕೇಳ್ತೀನಿ, ಒಂದು ಆಲ್ಬಂ ಪೂರ್ತಿ ಕೇಳಿದ್ದು ನೆನಪೇ ಇಲ್ಲ. ಊರಿಗೆ ಹೋದಾಗ ನಮ್ಮ ಸೋದರಮಾವ ‘ನೀವೆಲ್ಲ ಹಾಡು ಕೇಳಲ್ಲ ಕಣೋ, ಪಲ್ಲವಿ ಕೇಳ್ತೀರ ಅಷ್ಟೆ, ನಾವು ಕ್ಯಾಸೆಟ್ ಹಾಕಿದ್ರೆ ಎರಡೂ ಸೈಡ್ ಮುಗಿಸೇ ಏಳ್ತಿದ್ದಿದ್ದು’ ಅಂತ ಕ್ಲಾಸ್ ತಗೊಂಡ್ರು. ಯಾರು ಸರಿ?
– ಓದುಗ, ತಿಪಟೂರು

ಉತ್ತರ: ಮುಂದಿನ ಸಲ ಹೋದಾಗ ಮಾವನಿಗೆ ಒಂದೇ ಒಂದು ಮಾತು ಕೇಳಿ, ಖಾಲಿ ಕ್ಯಾಸೆಟ್ ತಗೊಂಡು ಅಂಗಡೀಗೆ ಹೋಗಿ ಹಾಡು ತುಂಬಿಸ್ಕೊಂಡು ಬರ್ತಿದ್ದೋರು ಯಾರು ಅಂತ. ನಾನಂತೂ ಮಾಡಿದೀನಪ್ಪ. ನೋಟ್‌ಬುಕ್ ಹಾಳೆ ಹರಿದು ಹನ್ನೆರಡು ಹಾಡಿನ ಪಟ್ಟಿ ಬರ್ದು ಕೊಡೋದು, ಎರಡು ದಿನ ಬಿಟ್ಟು ಹೋಗೋದು, ಸಿ-60 ಅಂದ್ರೆ ಒಂದು ಸೈಡಿಗೆ ಅರ್ಧ ಗಂಟೆ ತಾನೇ, ಅಂಗಡಿಯವನು ಲೆಕ್ಕ ತಪ್ಪಿ ಕೊನೇ ಹಾಡಿನ ಎರಡನೇ ಚರಣದಲ್ಲೇ ಟೇಪ್ ಮುಗ್ದು ಟಕ್ ಅಂತ ಬಟನ್ ಮೇಲೆದ್ದುಬಿಡ್ತಿತ್ತು. ಈಗ್ಲೂ ಆ ಹಾಡು ರೇಡಿಯೋದಲ್ಲಿ ಬಂದ್ರೆ ಆ ಜಾಗ ಬಂದ ತಕ್ಷಣ ನನ್ನ ಕಿವಿ ಆ ಟಕ್‌ಗೆ ಕಾಯುತ್ತೆ!

ಇನ್ನು ‘ಎರಡೂ ಸೈಡ್ ಮುಗಿಸೇ ಏಳ್ತಿದ್ವಿ’ ಅನ್ನೋದು ಪೂರ್ತಿ ಭಕ್ತಿ ಏನಲ್ಲ. ಫಾರ್ವರ್ಡ್ ಒತ್ತಿದ್ರೆ ಎಲ್ಲಿ ಹೋಗಿ ನಿಲ್ಲುತ್ತೋ ಗೊತ್ತಿಲ್ಲ, ಸೆಲ್ ಬೇರೆ ಇಳೀತಿತ್ತು, ಗ್ರಹಚಾರ ಕೆಟ್ರೆ ಟೇಪ್ ಸುತ್ಕೊಂಡು ಪೆನ್ನು ತೂರಿಸಿ ತಿರುಗಿಸ್ತಾ ಕೂರ್ಬೇಕಿತ್ತು, ಅದರ ಬದಲು ಬಂದಿದ್ದು ಕೇಳೋದೇ ವಾಸಿ ಅಂತ ಕೇಳ್ತಿದ್ವಿ.

ವಯಸ್ಸಲ್ಲಿ ನೋಡಿದ್ರೂ ಬಿಡಿ ಹಾಡೇ ದೊಡ್ಡದು. ತಾತನ ಕಾಲದ ಗ್ರಾಮಫೋನ್ ಪ್ಲೇಟಲ್ಲಿ ಒಂದು ಮಗ್ಗುಲಿಗೆ ಹೆಚ್ಚುಕಮ್ಮಿ ಮೂರು ನಿಮಿಷ, ಅಂದ್ರೆ ಒಂದೇ ಹಾಡು. ಹಲವು ಹಾಡು ಹಿಡಿಸೋ ಲಾಂಗ್ ಪ್ಲೇ ರೆಕಾರ್ಡು ಬಂದಿದ್ದು 1948ರಲ್ಲಿ, ಕ್ಯಾಸೆಟ್ 1963ರಲ್ಲಿ. 2003ರಲ್ಲಿ ಆ್ಯಪಲ್ ಕಂಪನಿಯ ಆನ್‌ಲೈನ್ ಹಾಡಿನಂಗಡಿ ಐಟ್ಯೂನ್ಸ್ ಸ್ಟೋರ್ ಒಂದು ಹಾಡಿಗೆ 99 ಸೆಂಟ್ ಅಂತ ಮಾರೋಕೆ ಶುರು ಮಾಡಿದ್ದು ಒಂಥರಾ ಹಳೇ ಪ್ಲೇಟಿನ ವ್ಯಾಪಾರಾನೇ.

ಆದ್ರೂ ಒಂದು ವಿಷಯದಲ್ಲಿ ನಾನು ನಿಮ್ಮ ಮಾವನ ಕಡೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರ ಪುಸ್ತಕ, ಆಮೇಲೆ ಸಿ. ಅಶ್ವಥ್ ರಾಗ ಹಾಕಿ ಕ್ಯಾಸೆಟ್ ಆಯ್ತು. ಅದ್ರಲ್ಲಿ ರಾಯರು ಮಾವನ ಮನೆಗೆ ಬರೋದೊಂದನ್ನೇ ಡೌನ್‌ಲೋಡ್ ಮಾಡ್ಕೊಂಡ್ರೆ ಒಂದು ತಮಾಷೆ ಹಾಡು ಸಿಗುತ್ತೆ, ಚೆನ್ನಾಗೇ ಇದೆ. ಆದ್ರೆ ಬಳೆಗಾರ ಚೆನ್ನಯ್ಯ ಬಾಗಿಲಿಗೆ ಬಂದು ತವರಿಗೆ ಹೋದ ಹೆಂಡ್ತಿ ಸುದ್ದಿ ಹೇಳೋದನ್ನೂ ಜೊತೇಲಿ ಕೇಳಿ, ಹಿಂದೆ ಮುಂದೆ ಇರೋವನ್ನೂ ಬಿಡದೆ ಕೇಳಿ, ಆಗ ಗಂಡ, ಹೆಂಡ್ತಿ, ಅತ್ತೆ ಮನೆ, ಪಡಸಾಲೆ ಎಲ್ಲ ಸೇರಿ ಒಂದು ಸಂಸಾರ ಕಣ್ಣಿಗೆ ಕಟ್ಟುತ್ತೆ, ಅದು ಬಿಡಿ ಹಾಡಲ್ಲಿ ಸಿಗಲ್ಲ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನವರಿಗೂ ಇದೇ ಹಟ, ಅವ್ರ ಹಾಡುಗಳು ಒಂದರ ಬಾಲ ಇನ್ನೊಂದರ ತಲೆಗೆ ಅಂಟ್ಕೊಂಡಿರ್ತವೆ, ನಮ್ಮ ಆಲ್ಬಂ ಒಡೆದು ಮಾರಬೇಡಿ ಅಂತ ತಮ್ಮದೇ ರೆಕಾರ್ಡ್ ಕಂಪನಿ ಮೇಲೆ ಕೇಸ್ ಹಾಕಿ 2010ರಲ್ಲಿ ಲಂಡನ್ ಕೋರ್ಟಲ್ಲಿ ಗೆದ್ರು.

ಸಿನಿಮಾ ಹಾಡಿಗೆ ಈ ನಿಯಮ ಬೇಡ. ಒಂದು ಸೈಡಲ್ಲಿ ಒಂದು ಸಿನಿಮಾ, ಇನ್ನೊಂದು ಸೈಡಲ್ಲಿ ಸಂಬಂಧಾನೇ ಇಲ್ದಿರೋ ಮತ್ತೊಂದು ಸಿನಿಮಾ ತುಂಬಿ ಮಾರ್ತಿದ್ದ ಕ್ಯಾಸೆಟ್‌ಗೆ ಯಾವ ಸೀಮೆ ಕ್ರಮ? ಆರಾಮಾಗಿ ಬೇಕಾದ್ದು ಇಟ್ಕೊಳ್ಳಿ.

ಭಾವಗೀತೆ, ವಚನ, ತತ್ವಪದ ಅಂದ್ರೆ ಮಾತ್ರ ವಾರದಲ್ಲಿ ಒಂದು ದಿನ ಹೋಗೋ ಬಸ್ಸಲ್ಲಿ ಶಫಲ್ ಆಫ್ ಮಾಡಿ ಮೊದ್ಲಿಂದ ಕೊನೇವರೆಗೂ ಬಿಡಿ. ನನಗೆ ಇವತ್ತು ಪ್ರಾಣ ಅನ್ನೋ ಎರಡು ಮೂರು ಹಾಡು, ಆಗ ಫಾರ್ವರ್ಡ್ ಮಾಡೋ ಧೈರ್ಯ ಇಲ್ದೆ ಬೈಕೊಂಡು ಕೇಳಿದ್ದೇ.

ಪ್ರಶ್ನೆ: ಆ್ಯಪ್‌ನಲ್ಲಿ ನಾನೂರು ಹಾಡು ಡೌನ್‌ಲೋಡ್ ಮಾಡಿಟ್ಟಿದ್ದೆ, ದುಡ್ಡು ಕಟ್ಟೋದು ನಿಲ್ಸಿದ್ಮೇಲೆ ಒಂದೂ ಪ್ಲೇ ಆಗ್ತಿಲ್ಲ. ಡಿಲೀಟ್ ಆಗೋಯ್ತಾ?
– ಓದುಗಿ, ಸಾಗರ

ಉತ್ತರ: ಅದು ಕೊಂಡಿದ್ದಲ್ಲಮ್ಮ, ಬಾಡಿಗೆ. ಆ್ಯಪ್ ಒಳಗಿನ ಡೌನ್‌ಲೋಡ್ ಅಂದ್ರೆ ಬೀಗ ಹಾಕಿರೋ ಫೈಲು, ಕೀಲಿ ಕಂಪನಿ ಹತ್ರಾನೇ ಇರುತ್ತೆ. ಮತ್ತೆ ದುಡ್ಡು ಕಟ್ಟಿದ್ರೆ ಸಾಮಾನ್ಯವಾಗಿ ಲಿಸ್ಟ್ ಹಾಗೇ ಸಿಗುತ್ತೆ, ಹಾಡು ಮಾತ್ರ ಇನ್ನೊಂದ್ಸಲ ಇಳಿಸ್ಕೋಬೇಕಾಗ್ಬಹುದು. ಅಷ್ಟರೊಳಗೆ ಆ ನಾನೂರರಲ್ಲಿ ನಿಜವಾಗ್ಲೂ ಬೇಕಾಗಿರೋ ಹಾಡುಗಳ ಹೆಸ್ರು ಒಂದು ಹಾಳೇಲಿ ಬರ್ದಿಟ್ಕೊಳ್ಳಿ, ಎಂಪಿಥ್ರೀ ಆಗಿ ಮಾರೋ ಕಡೆ ಸಿಕ್ಕಿದ್ರೆ ಅವನ್ನ ಕೊಂಡ್ಕೊಂಡು ಪೆನ್‌ಡ್ರೈವ್‌ಗೆ ಹಾಕಿಬಿಡಿ.